ಓಣ್ಯಾಗಿನ ಮಾಳಿಗಿ ಮನಿ ಕೆಡವೂದೋ, ಉಳಿಸ್ಕೊಂಡ ಇರೂದೋ? ಇಂಜಿನಿಯರ್ ಜೋಡಿ ಪ್ರಶ್ನೋತ್ತರ

ಹಳೇ ಮನಿ ರಿಪೇರಿ ಕೆಲಸ ಮಾಡೋ ಸಿವಿಲ್ ಇಂಜಿನಿಯರ್ ಒಬ್ರು ಈ ವಾರ ನಮ್ಮ ಗ್ರೂಪಿನ್ಯಾಗ ಉತ್ತರ ಕೊಡ್ತಾರ. ಹುಬ್ಬಳ್ಳಿ ಧಾರವಾಡದ ಹಳೇ ಓಣಿ, ಪ್ಯಾಟಿ ಒಳಗಿನ ಮನಿ ಬಗ್ಗೆ ಏನಿದ್ರೂ ಕೇಳ್ರಿ. ಫೋನ್ ನಂಬರ್, ಮನಿ ನಂಬರ್ ಮಾತ್ರ ಹಾಕಬ್ಯಾಡ್ರಿ.

ಪ್ರಶ್ನೆ (ನವನಗರ): ನಮಸ್ಕಾರ ಸರ್. ಹುಬ್ಬಳ್ಳಿ ದುರ್ಗದ ಬೈಲ್ ಹಿಂದಿನ ಓಣ್ಯಾಗ ನಮ್ಮ ಮಾವನವರದು ಮಾಳಿಗಿ ಮನಿ (ಕಟ್ಟಿಗಿ ಮ್ಯಾಲ ಮಣ್ಣ ಹಾಕಿದ ಚಾವಣಿದ್ದು) ಐತ್ರಿ, ಅವರ ಅಜ್ಜಾರು ಕಟ್ಟಿಸಿದ್ದಂತ. ಅಗಲ 18 ಫೂಟ್ ಅಷ್ಟ, ಉದ್ದ ಹಿತ್ತಲ ತನಕಾ 60ರ ಹತ್ರ ಐತಿ, ಎರಡೂ ಬಾಜೂ ಮಂದಿ ಮನಿ ಹತ್ತೇ ಅದಾವು. ಬಾಡಗಿಯವ್ರು ಬಿಟ್ಟು ಹೋದ ಮ್ಯಾಲ ಖಾಲಿ ಬಿದ್ದೈತಿ. ಮಾವನವರು ನಾ ಅಲ್ಲೇ ಹೋಗಿ ಇರ್ತೀನಿ ಅಂತ ಹಟ ಹಿಡದಾರ, ನಮ್ಮನಿಯವ್ರು ಹೂಂ ಅಂತಾರ, ಮಗ ಕೆಡವಿ ಮೂರು ಫ್ಲೋರ್ ಕಟ್ಟೋಣು ಅಂತಾನ. ಮಳಿ ಬಂದ್ರ ಪಡಸಾಲ್ಯಾಗ ಮಣ್ಣ ಉದರತೈತಿ, ಗ್ವಾಡಿ ಬುಡಕ್ಕ ಬಿಳೇ ಉಪ್ಪಿನ ಪುಡಿ ಎದ್ದೈತಿ. ಒಬ್ಬ ಕಾಂಟ್ರಾಕ್ಟರ್ ಬಂದು ನೋಡಿ, ಗ್ವಾಡಿಗೆ ಸಿಮೆಂಟ್ ಪ್ಲಾಸ್ಟರ್ ಹೊಡದು ಮಾಳಿಗಿ ತಗದು ಸ್ಲ್ಯಾಬ್ ಹಾಕಿದ್ರ ಮುಗೀತು ಅಂದ. ಮುಗೀತೈತೇನ್ರಿ ಸರ್?

ಉತ್ತರ: ಅಕ್ಕಾರ, ಅವಂಗ ಅಡ್ವಾನ್ಸ್ ಕೊಟ್ಟಿಲ್ಲಂದ್ರ ಇನ್ನೂ ಕೊಡಬ್ಯಾಡ್ರಿ. ಮನಿ ಹಳೇದಾತು ಅಂತ ಬೀಳಂಗಿಲ್ರಿ, ನೀರ ಹೊಕ್ಕು ಬೀಳತೈತಿ. 2019ರ ಆಗಸ್ಟ್ ಮಳ್ಯಾಗ ನಮ್ಮ ಕಡೆ ಮಣ್ಣಿನ ಮನಿ ಸಾಲಸಾಲಾಗಿ ಬಿದ್ವಲ್ಲ, ಅವು ಅದಕ್ಕೂ ಮೊದಲ ಎಷ್ಟೋ ಮಳಿಗಾಲ ನೋಡಿದ್ವು, ಆ ಸಲ ದಿನಗಟ್ಲೆ ನೀರ ಒಳಗ ಇಳದು ಗ್ವಾಡಿ ಬುಡಾ ಕರಗಿ ಕೂತ್ವು. ಹೊಸಾದು ಅಂದ ಮಾತ್ರಕ್ಕ ಗಟ್ಟಿ ಅಂತನೂ ಅಲ್ಲ, ಅದ ವರ್ಷದ ಮಾರ್ಚ್‌ನ್ಯಾಗ ಧಾರವಾಡ ಕುಮಾರೇಶ್ವರ ನಗರದಾಗ ಇನ್ನೂ ಕಟ್ಟಾಕತ್ತಿದ್ದ ಕಾಂಕ್ರೀಟ್ ಬಿಲ್ಡಿಂಗ್ ಕುಸದು 19 ಮಂದಿ ಸತ್ರು, ನೆನಪ ಇರಬೇಕು.

ನಿಮ್ಮನಿ ಮಟ್ಟಿಗೆ ಹೇಳ್ತೀನಿ. ಮಾಳಿಗಿ ಮ್ಯಾಲ ಒಬ್ಬರನ್ನ ಹತ್ತಿಸಿ ಮಣ್ಣ ಎಷ್ಟ ದಪ್ಪ ಐತಿ ಅಂತ ಅಳಸ್ರಿ. ಮೊದಲಿನ ಮಂದಿ ಮಳಿಗಾಲದ ಮುಂಚೆ ವರ್ಷಾ ಒಂದಿಷ್ಟ ಹೊಸಾ ಮಣ್ಣ ಹಾಕಿ ಬಡಸ್ತಿದ್ರು, ಹಳೇದನ್ನ ಯಾರೂ ತಗೀತಿರಲಿಲ್ಲ, ಹಿಂಗಾಗಿ ಅರ್ಧ ಫೂಟ್ ಇದ್ದಿದ್ದು ಒಂದು, ಒಂದೂವರಿ ಫೂಟ್ ಆಗಿರತೈತಿ. 10 ಬೈ 10 ಖೋಲಿ ಮ್ಯಾಲ ಒಂದು ಫೂಟ್ ಮಣ್ಣಂದ್ರ ಹೆಚ್ಚುಕಡಿಮಿ 5 ಟನ್ ಭಾರ, ತೊಯ್ದ್ರ ಇನ್ನೂ ಜಾಸ್ತಿ. ಅಷ್ಟ ಜಾಗಕ್ಕ 5 ಇಂಚಿನ ಸ್ಲ್ಯಾಬ್ ಹಾಕಿದ್ರ 3 ಟನ್ ಒಳಗ ಆಗತೈತಿ. ಹಂಗಾದ್ರ ಸ್ಲ್ಯಾಬೇ ಹಗರ ಆತಲ್ರಿ ಅಂತೀರಿ, ಹೌದು, ಆದ್ರ ಪ್ರಶ್ನೆ ಭಾರದ್ದಲ್ಲ, ಭಾರ ಎಲ್ಲಿ ಕೂಡತೈತಿ ಅನ್ನೂದು. ಇಂಥಾ ಮನ್ಯಾಗ ಭಾಳ ಕಡೆ ಮಾಳಿಗಿ ಭಾರ ಜಂತಿಯಿಂದ ತೊಲಿಗೆ, ತೊಲಿಯಿಂದ ಕಂಬಕ್ಕ, ಕಂಬದ ಕೆಳಗಿನ ಕಲ್ಲಿಗೆ ಇಳೀತೈತಿ, ಗ್ವಾಡಿ ಬರೇ ಆಸರಕ್ಕ ಇರತೈತಿ. ನೀವು ಕಂಬ ತೊಲಿ ಕಿತ್ತು ಸ್ಲ್ಯಾಬ್ ಕೂಡಿಸಿದ್ರ ಆ ಭಾರ ಪೂರಾ ಮಣ್ಣಿನ ಗ್ವಾಡಿ ಮ್ಯಾಲ, ಅದೂ ಬುಡದಾಗ ಉಪ್ಪ ಎದ್ದು ಸಡಲಾದ ಗ್ವಾಡಿ ಮ್ಯಾಲ ಬರತೈತಿ. ಅದಕ್ಕ ನಾ ಒಪ್ಪಂಗಿಲ್ಲ.

ಆಮ್ಯಾಲ ತೊಲಿ ತುದಿ ನೋಡ್ರಿ, ಅದೂ ಗ್ವಾಡಿ ಒಳಗ ಹೊಕ್ಕಿರೋ ಜಾಗಾ. ನಡುವ ಸಾಗವಾನಿ ಹೊಳೀತಿರತೈತಿ, ಎಲ್ಲಾರೂ ಅದನ್ನ ನೋಡಿ ಆಹಾ ಅಂತಾರ, ಕೊಳಿಯೂದು ಮಾತ್ರ ತುದಿ. ಸ್ಕ್ರೂಡ್ರೈವರ್ ಚುಚ್ಚಿದ್ರ ಬೆಣ್ಯಾಗ ಹೋದಂಗ ಒಳಗ ಹೋತಂದ್ರ ಆ ತೊಲಿಗೆ ಅವತ್ತೇ ಜಾಕ್ ಕೊಡಸ್ರಿ, ಕೆಳಗ ಯಾರನ್ನೂ ಮಲಗಸಬ್ಯಾಡ್ರಿ. ಗಟ್ಟಿ ಇತ್ತಂದ್ರ ಹಳೇ ಮಣ್ಣ ಪೂರಾ ಇಳಿಸಿ, ಕೆಟ್ಟ ಹಲಗಿ ಜಂತಿ ಅಷ್ಟ ಬದಲಿ ಮಾಡಿ, ಮ್ಯಾಲ ತೆಳ್ಳಗ ನಾಕು ಇಂಚಿನ ಮಣ್ಣ ಹಾಕಿ, ಅದರ ಮ್ಯಾಲ ಇಳಿಜಾರ ಕೊಟ್ಟು ಶೀಟ್ ಹಾಕ್ರಿ. ಮಣ್ಣ ಇದ್ರ ಬ್ಯಾಸಗ್ಯಾಗ ತಂಪ ಇರತೈತಿ, ಶೀಟ್ ಇದ್ರ ಮಳಿ ಚಿಂತಿಲ್ಲ. ವರ್ಷಾ ತಾಡಪತ್ರಿ ಹಾಸಿ ಮ್ಯಾಲ ಕಲ್ಲ ಇಡೂದಕ್ಕಿಂತ ಚಲೋ.

ಉಪ್ಪಿನ ಪುಡಿ ವಿಷಯ. ನೆಲದಾಗಿನ ನೀರ ಗ್ವಾಡ್ಯಾಗ ಮ್ಯಾಲ ಏರತೈತಿ, ಸುಣ್ಣದ ಗಿಲಾವ್ (ಪ್ಲಾಸ್ಟರ್) ಇದ್ರ ಹೊರಗ ಆರಿ ಹೋಗತೈತಿ, ಉಪ್ಪ ಉಳೀತೈತಿ. ಸಿಮೆಂಟ್ ಹೊಡದ್ರ ಆರಾಕ ದಾರಿ ಬಂದ್. ನೀರ ಇನ್ನೂ ಮ್ಯಾಲ ಏರತೈತಿ, ಎರಡು ಮೂರು ವರ್ಷ ಗ್ವಾಡಿ ಚಂದ ಕಾಣತೈತಿ, ಒಳಗ ಮಣ್ಣ ಹಸಿ ಆಗಿ ಸಡಲ ಆಗತಿರತೈತಿ, ಒಂದಿನ ಪ್ಲಾಸ್ಟರ್ ಚಕ್ಕಿ ಚಕ್ಕಿ ಮಣ್ಣ ಸಮೇತ ಕಿತ್ತ ಬರತೈತಿ. ಅದಕ್ಕ ಮೊದಲ ನೀರ ಎಲ್ಲಿಂದ ಅಂತ ಹುಡಕ್ರಿ. ಬಚ್ಚಲ ಮೋರಿ ಒಡದಿರತೈತಿ. ಇಲ್ಲಾ ಓಣಿ ರಸ್ತಾ. ಪ್ರತಿ ಸಲ ಹಳೇದರ ಮ್ಯಾಲ ಹೊಸಾದು ಹಾಕಿ ಹಾಕಿ, ಮೂರು ಮೆಟ್ಟಲ ಇದ್ದ ಕಟ್ಟಿ ಈಗ ಒಂದ ಮೆಟ್ಟಲ ಉಳದಿರತೈತಿ, ಮಳಿ ನೀರ ಸೀದಾ ನಿಮ್ಮ ಹೊಸ್ತಲಕ್ಕ. ಹುಬ್ಬಳ್ಳಿ ಕಡೆ ಎರಿ ಮಣ್ಣ (ಕಪ್ಪ ಮಣ್ಣ) ಬ್ಯಾರೆ, ನೀರ ಕುಡದ್ರ ಉಬ್ಬತೈತಿ, ಬ್ಯಾಸಗ್ಯಾಗ ಬಿರಿ ಬಿಡತೈತಿ, ಪಾಯಾ ಅದರ ಜೋಡಿ ಏರಿ ಇಳದು ಮಾಡತೈತಿ. ಧಾರವಾಡದ ಮಸಾರಿ (ಕೆಂಪ ಮಣ್ಣಿನ) ನೆಲದಾಗ ಈ ತ್ರಾಸ ಕಡಿಮಿ.

ಪ್ರಶ್ನೆ (ಗೋಕುಲ ರೋಡ್): ಸರ್ ನಾನೂ ಕಟ್ಟಡ ಲೈನಿನ್ಯಾಗ ಅದೀನಿ. ಸುಣ್ಣದ ಕೆಲಸ ಅಂತ ಹೇಳೂದ ಸರಳ, ಗೌಂಡಿ ಎಲ್ಲಿ ಸಿಗ್ತಾನ್ರಿ ಈಗ? ಮೊದಲ ಊರೂರಿಗೆ ಸುಣ್ಣದ ಗಾಣ ಇದ್ವು, ಈಗ ಕಲ್ಲ ಅಷ್ಟ ಬಿದ್ದಾವು. ಗಿರಾಕಿ ಒಂದು ವಾರದಾಗ ಕೆಲಸ ಮುಗಸು ಅಂತಾನ.

ಉತ್ತರ: ಮಾತು ಖರೇ ಐತಿ, ಅದನ್ನ ನಾ ಇಲ್ಲ ಅನ್ನಂಗಿಲ್ಲ. ಸುಣ್ಣದ ಹರಳ ನೀರಾಗ ಹಾಕಿ ತಿಂಗಳಾದ್ರೂ ಕೊಳಿಸ್ಬೇಕು, ಗಿಲಾವ್ ಒಂದ ಸಲಕ್ಕ ದಪ್ಪ ಹೊಡಿಯಾಕ ಬರಂಗಿಲ್ಲ, ತೆಳ್ಳಗ ಒಂದು ಪದರ ಹೊಡದು ಆರಿದ ಮ್ಯಾಲ ಇನ್ನೊಂದು. ಟೈಮ್ ಹಿಡೀತೈತಿ, ಕೂಲಿ ಜಾಸ್ತಿ. ಆದ್ರ ಪೂರಾ ಮನಿಗೆ ಮಾಡಬೇಕಂತಿಲ್ರಿ, ಬುಡದ ನಾಕು ಫೂಟ್ ಅಷ್ಟ ಸುಣ್ಣದ್ದು ಮಾಡಿದ್ರೂ ಅರ್ಧ ಗೆದ್ದಂಗ, ಮ್ಯಾಲಿಂದು ಒಣಾ ಇದ್ರ ಹಳೇದನ್ನ ಮುಟ್ಟೂದ ಬ್ಯಾಡ. ಬಣ್ಣಾನೂ ಪ್ಲಾಸ್ಟಿಕ್ ಪೇಂಟ್ ಬ್ಯಾಡ, ಸುಣ್ಣಾನ ಬಳೀರಿ. ಹೆಂಗೂ ಹುಬ್ಬಳ್ಯಾಗ ರಂಗಪಂಚಮಿ ಮುಗಿಯೂದ್ರಾಗ ಓಣಿ ಗ್ವಾಡಿ ಏಳು ಬಣ್ಣ ಆಗಿರತಾವು, ಸುಣ್ಣ ಆದ್ರ ಮರುದಿನ ಒಂದು ಕೈ ಹೊಡದು ಬಿಡಬಹುದು.

ಪ್ರಶ್ನೆ (ಧಾರವಾಡ, ಮಾಳಮಡ್ಡಿ): ಸರ್, ನಮ್ಮದು ಹಂಚಿನ ಮನಿ ಅದ. ಮಂಗ್ಯಾನ ಕಾಟಕ್ಕ ಸಾಕಾಗಿ ಹೋಗ್ಯದ, ಒಂದು ಹಿಂಡ ಬಂತಂದ್ರ ಹತ್ತಿಪ್ಪತ್ತು ಹಂಚು ಒಡದ ಹೋಗೂದು. ಹಂಚು ತಗದು ಶೀಟ್ ಹಾಕ್ಸಿಬಿಡೂದು ಚಲೋ ಏನು? ನಮ್ಮ ತಾಯಿಯವ್ರು ಬ್ಯಾಡ ಅಂತ ಕೂತಾರ.

ಉತ್ತರ: ತಾಯಿಯವ್ರ ಮಾತು ಕೇಳ್ರಿ. ಮಂಗಳೂರಾಗ ಬಾಸೆಲ್ ಮಿಶನ್‌ನವ್ರು 1865ರಾಗ ಹಂಚಿನ ಫ್ಯಾಕ್ಟರಿ ಶುರು ಮಾಡಿದ ಮ್ಯಾಲ ಈ ಕಡೆ ಬಂದ ಮಾಲು ಇದು, ಧಾರವಾಡದ ಮಳಿಗೆ ಇದಕ್ಕಿಂತ ಚಲೋ ಚಾವಣಿ ನಾ ನೋಡಿಲ್ಲ, ಒಂದು ಒಡದ್ರ ಒಂದ ಬದಲಿ ಮಾಡೂದು. ಶೀಟ್ ಹಾಕಿದ್ರ ಏಪ್ರಿಲ್‌ನ್ಯಾಗ ಒಳಗ ಕೂಡಾಕಾಗಂಗಿಲ್ಲ, ಮಳ್ಯಾಗ ಮಾತ ಕೇಳಂಗಿಲ್ಲ, ಮ್ಯಾಲ ಮಂಗ್ಯಾ ಕುಣದ್ರಂತೂ ಸಪ್ಪಳ ಇನ್ನೂ ಜೋರು. ಹಂಚಿನ ಮ್ಯಾಲ ಒಂದು ಗೇಣ ಬಿಟ್ಟು ಜಾಳಗಿ ಬಿಗಸ್ರಿ, ಹಂಚಿಗೆ ತಾಗಬಾರದು. ಮಾವಿನ ಟೊಂಗಿ ಚಾವಣಿ ಮ್ಯಾಲ ಬಂದಿದ್ರ ಕಡಸ್ರಿ, ಅವು ಜಿಗಿಯೂದ ಅಲ್ಲಿಂದ. ಹಳೇ ಮನಿ ಕೆಡವೋ ಕಡೆ ಹೋಗಿ ನಿಮ್ಮ ಅಳತಿದ್ದ ಹಂಚ ನೂರಿನ್ನೂರು ತಂದ ಇಟ್ಕೊಳ್ರಿ, ಕಂಪನಿ ಬ್ಯಾರೆ ಆದ್ರ ಖಾಚ ಕೂಡಂಗಿಲ್ಲ, ಸಂದ್ಯಾಗ ಸೋರತೈತಿ.

ಪ್ರಶ್ನೆ (ಕಮರಿಪೇಟೆ): ಬಾಜೂ ಮನಿಯವ್ರು ಬರೂ ವಾರ ಜೆಸಿಬಿ ತರಸಿ ಮನಿ ಕೆಡವ್ತಾರಂತ್ರಿ. ನಡುವಿನ ಗ್ವಾಡಿ ಒಂದ ಐತಿ, ಅವರ ತೊಲಿನೂ ಅದರಾಗ, ನಮ್ಮ ತೊಲಿನೂ ಅದರಾಗ. ಕೇಳಿದ್ರ ನಮ್ಮ ಗ್ವಾಡಿ ಅಂತಾರ. ಏನ್ ಮಾಡ್ಲಿ?

ಉತ್ತರ: ಇದಕ್ಕ ತಡಾ ಮಾಡಬ್ಯಾಡ್ರಿ. ಇವತ್ತೇ ನಿಮ್ಮನಿ ಒಳಗಿನ ಎಲ್ಲಾ ಗ್ವಾಡಿ, ಈಗ ಇರೋ ಬಿರಿ ಎಲ್ಲಾ ತಾರೀಖ ಬರೋಹಂಗ ಫೋಟೋ ತಗೀರಿ. ಸಿಟಿ ಸರ್ವೆ ಆಫೀಸಿಗೆ ಹೋಗಿ ಎರಡೂ ಸಿಟಿಎಸ್ ನಂಬರಿನ ಪ್ರಾಪರ್ಟಿ ಕಾರ್ಡ್, ನಕಾಶಿ ತಗಸ್ರಿ, ಹಳೇ ವಾಟ್ನಿ ಪತ್ರ (ಆಸ್ತಿ ಪಾಲ ಮಾಡಿದ ಪತ್ರ) ಇದ್ರ ಅದನ್ನೂ ಹುಡಕ್ರಿ, ಗ್ವಾಡಿ ಯಾರದು ಅನ್ನೂದು ಭಾಳ ಸಲ ಅದರಾಗ ಬರದಿರತೈತಿ. ಅವರಿಗೆ ರಜಿಸ್ಟರ್ ಪೋಸ್ಟಿನ್ಯಾಗ ಒಂದು ಪತ್ರ, ಪಾಲಿಕಿಗೆ ಒಂದು ಅರ್ಜಿ. ಕೆಡವಬ್ಯಾಡ ಅನ್ನಾಕ ಬರಂಗಿಲ್ಲ, ಆದ್ರ ನಡುವಿನ ಗ್ವಾಡಿಯಿಂದ ಐದಾರು ಫೂಟ್ ಜೆಸಿಬಿ ತರಬಾರದು, ಅಲ್ಲಿ ಕೈಲೇ ಬಿಡಿಸಬೇಕು, ಅದಕ್ಕೂ ಮೊದಲ ನಿಮ್ಮ ತೊಲಿಗೆ ಆಸರ ಕೊಡಬೇಕು ಅಂತ ಬರೀರಿ. ಇಂಥಾ ಓಣ್ಯಾಗ ಮನಿ ಒಂದಕ್ಕೊಂದು ಒರಗಿ ನಿಂತಿರತಾವು, ನಡುವಿಂದೊಂದು ತಗದ್ರ ಎರಡೂ ಬಾಜೂದವು ಆ ಕಡೆ ವಾಲಾಕ ನೋಡತಾವು. ಅವರು ಪಾಯಾ ತೋಡೂದೂ ನಿಮ್ಮ ಪಾಯಾಕ್ಕಿಂತ ಆಳ ಹೋದ್ರ ತುಂಡ ತುಂಡ ಮಾಡಿ ತೋಡಿ ತುಂಬಬೇಕು, ಒಂದ ಏಟಿಗೆ ಉದ್ದಕ್ಕ ತೋಡಬಾರದು. ಕಿಡಕಿ ಬೆಳಕಿನ ತಂಟೆ ಬಂದ್ರ, 20 ವರ್ಷ ತಡಿ ಇಲ್ಲದ ಬಂದ ಬೆಳಕು ಗಾಳಿಗೆ 1882ರ ಈಸ್‌ಮೆಂಟ್ ಕಾಯ್ದೆ ಒಳಗ ಹಕ್ಕೈತಿ, ಅದನ್ನ ವಕೀಲರ ಕಡೆ ಕೇಳ್ರಿ, ನನ್ನ ಲೈನ್ ಅಲ್ಲ.

ಪ್ರಶ್ನೆ (ಉಣಕಲ್): ನಮ್ಮದು ಚಂದ್ರಮೌಳೇಶ್ವರ ಗುಡಿ ಹತ್ರ ಮನಿ. ಮ್ಯಾಲ ಒಂದು ಖೋಲಿ ಏರಸ್ಬೇಕು, ಪಾಲಿಕಿ ಪರ್ಮಿಷನ್ ಸಾಕೇನ್ರಿ?

ಉತ್ತರ: ಸಾಲಂಗಿಲ್ಲ. ಅದು ಕೇಂದ್ರದ ಪುರಾತತ್ವ ಇಲಾಖೆ ರಕ್ಷಣಾದಾಗ ಇರೋ ಗುಡಿ. ಪುರಾತನ ಸ್ಮಾರಕ ಕಾಯ್ದೆಗೆ ಆದ 2010ರ ತಿದ್ದುಪಡಿ ಪ್ರಕಾರ ಗುಡಿ ಹದ್ದಿನಿಂದ 100 ಮೀಟರ್ ಒಳಗ ಹೊಸಾ ಕಟ್ಟಡ ಬಂದ್, ಹಳೇ ಮನಿ ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ತನಕಾ ಕಟ್ಟಾಕ ಅನುಮತಿ ತಗೋಬೇಕು. ಮೊದಲ ನಿಮ್ಮ ಜಾಗಾ ಎಷ್ಟ ದೂರ ಐತಿ ಅಂತ ಅಳಸ್ರಿ, ಆಮ್ಯಾಲ ಇಟ್ಟಂಗಿ ತರಸ್ರಿ.

ಪ್ರಶ್ನೆ (ನವನಗರ, ಮೊದಲಿನವರು): ಸರ್ ನಿಮ್ಮ ಉತ್ತರ ಮನ್ಯಾಗ ಓದಿ ಹೇಳಿದೆ, ಮಾವನವರಿಗೆ ಖುಷಿ, ಮಗಗ ಸಿಟ್ಟು. ಅವನ ಪ್ರಶ್ನೆ: ಕಾರ್ ಎಲ್ಲಿ ನಿಲ್ಸೂದು, ನೀರಿಗೆ ಏನ್ ಮಾಡೂದು, ಮೂರು ಫ್ಲೋರ್ ಕಟ್ಟಿದ್ರ ಬಾಡಗಿ ಬರತಿತ್ತಲ್ಲ. ಇನ್ನೊಂದು, ಹಳೇ ಸಾಮಾನ ಕೊಳ್ಳಾವ ಒಬ್ಬ ಬಂದು ಪಡಸಾಲಿ ಕಂಬ, ಮುಂಚಿ ಬಾಗಲಾ ಕೇಳಾಕತ್ತಾನ, ರೊಕ್ಕಾ ಚಲೋನ ಹೇಳ್ಯಾನ.

ಉತ್ತರ: ತಮ್ಮಗ ಹೇಳ್ರಿ, ಲೆಕ್ಕಾ ಅವನ ಮಾಡ್ಲಿ. ಈಗ 18 ಫೂಟ್ ಅಗಲಾನೂ ನಿಮ್ಮ ಮನಿನ. ಹೊಸಾ ಪ್ಲ್ಯಾನ್ ಪಾಸ್ ಮಾಡ್ಸಾಕ ಹೋದ್ರ ಸೆಟ್‌ಬ್ಯಾಕ್ (ಮನಿ ಸುತ್ತ ಖಾಲಿ ಜಾಗಾ) ಬಿಡ್ರಿ ಅಂತಾರ, ರಸ್ತಾ ಅಗಲ ಎಷ್ಟ ಅಂತಾರ, ಅದರಾಗ ಜಿನಿ (ಮೆಟ್ಟಲ), ಕಾಲಂ ಎಲ್ಲಾ ಹೋಗಿ ಖೋಲಿ ಎಷ್ಟ ಉಳೀತಾವು ಕೂಡಿಸಿ ಕಳದು ನೋಡ್ಲಿ. ಕೆಡವಿದ ಮಣ್ಣ ಹೊರಗ ಸಾಗಸಾಕನೂ ಆ ಓಣ್ಯಾಗ ಟಿಪ್ಪರ್ ಬರಂಗಿಲ್ಲ, ಸಣ್ಣ ಗಾಡಿ ಮ್ಯಾಲ ತುಂಬಿ ತುಂಬಿ ಒಯ್ಯಬೇಕು.

ಕಾರಿನ ವಿಷಯದಾಗ ನಾ ಸುಳ್ಳ ಭರವಸಿ ಕೊಡಂಗಿಲ್ಲ. ಬರಂಗಿಲ್ಲ. ಸಂಜಿಮುಂದ ದುರ್ಗದ ಬೈಲಿನ್ಯಾಗ ಗಿರ್ಮಿಟ್ಟು ಮಿರ್ಚಿ ಗಾಡಿ ನಿಂತ ಮ್ಯಾಲ ಸೈಕಲ್ ಮೋಟಾರ್ ತರೂದ ಸಾಹಸ. ಕಾರ್ ನವನಗರದಾಗ ಬಿಟ್ಟು ಚಿಗರಿ ಬಸ್ಸಿಗೆ ಓಡಾಡ್ರಿ, ಇಲ್ಲಾ ಹೊರಗ ಎಲ್ಲೆರ ತಿಂಗಳ ಬಾಡಗಿಗೆ ಜಾಗಾ ಹಿಡೀರಿ. ಗಣಪತಿ ಹಬ್ಬದಾಗ ಡಿಜೆ ಸಪ್ಪಳಕ್ಕ ಕಿಡಕಿ ನಡಗತಾವು, ಅದೂ ಗೊತ್ತಿರ್ಲಿ. ಮಾವನವರ ವಯಸ್ಸಿಗೆ ನಾ ಕೇಳೋ ಮೊದಲ ಪ್ರಶ್ನೆ ಅಂಬ್ಯುಲೆನ್ಸ್ ಎಲ್ಲಿ ತನಕಾ ಬರತೈತಿ ಅನ್ನೂದು. ಒಂದಿನ ರಾತ್ರಿ, ಒಂದಿನ ಸಂಜಿಕ್ಕ ನೀವ ನಡದು ನೋಡ್ರಿ, ಸ್ಟ್ರೆಚರ್ ಹೊತ್ತ ಬರಾಕ ಎಷ್ಟ ಹೊತ್ತ ಹಿಡೀತೈತಿ ಅಂತ. ಅವರಿಗೆ ಮಲಗೂದು, ಪಾಯಖಾನಿ ಎರಡೂ ಮುಂದಿನ ಪಡಸಾಲಿ ಹತ್ರ ಮಾಡಿ ಕೊಡ್ರಿ, ಹಿತ್ತಲದ ತನಕಾ 60 ಫೂಟ್ ಕತ್ತಲ್ಯಾಗ ನಡಸಬ್ಯಾಡ್ರಿ. ಉಳದಂಗ ಕಾಯಿಪಲ್ಯೆ, ಔಷಧ ಅಂಗಡಿ, ಗುಡಿ, ಹರಟಿ ಹೊಡ್ಯಾಕ ಕಟ್ಟಿ, ಎಲ್ಲಾ ಕಾಲಬುಡಕ್ಕ ಐತಿ, ಲೇಔಟಿನ್ಯಾಗ ಅವರಿಗೆ ಅದ ಸಿಗವಲ್ದು, ಹಟಾ ಅದಕ್ಕ ಇರಬೇಕು.

ನೀರ: ವಾರಕ್ಕೊಮ್ಮೆ ಬರೋ ಓಣಿ ಆದ್ರ ಎಲ್ಲಾರೂ ಒಳಗ ಸಂಪ್ ತೋಡಸ್ತಾರ. ಗ್ವಾಡಿ ಹತ್ರ ತೋಡಿದ್ರ ನಾ ಮ್ಯಾಲ ಹೇಳಿದ್ದೆಲ್ಲಾ ವ್ಯರ್ಥ. ಮಾಳಿಗಿ ಮ್ಯಾಲ ಟಾಕಿನೂ ಬ್ಯಾಡ, 1000 ಲೀಟರ್ ಅಂದ್ರ ಒಂದು ಟನ್. ಹಿತ್ತಲದಾಗ ಬ್ಯಾರೆ ಕಬ್ಬಿಣದ ಸ್ಟ್ಯಾಂಡ್ ಮಾಡಿ ಅದರ ಮ್ಯಾಲ ಇಡ್ರಿ. ಸ್ಟ್ಯಾಂಡ್ ಹಾಕೂ ಮೊದಲ ಹಾರಿಲೇ ನೆಲಾ ಬಡದು ನೋಡ್ರಿ, ಹಳೇ ಮನ್ಯಾಗ ಕಾಳ ತುಂಬೂ ಹಗೇವು ಮುಚ್ಚಿ ಮರತಿರತಾರ, ಟೊಳ್ಳ ಸಪ್ಪಳ ಬಂದ್ರ ತಗದು ಗರಸ ಹಾಕಿ ಗಟ್ಟಿ ತುಂಬಸ್ರಿ. ಎಲ್ಲಿತ್ತು ಅಂತ ಮಾವನವರಿಗೆ ಕೇಳ್ರಿ, ಅವರಿಗೆ ನೆನಪಿರತೈತಿ.

ಬಾಗಲಾ ಮಾರೂದು ಬಿಡೂದು ನಿಮಗ ಬಿಟ್ಟದ್ದು, ಅದಿಲ್ಲಂದ್ರ ಮನಿ ಬೀಳಂಗಿಲ್ಲ. ಕಂಬ ಮಾತ್ರ ಯಾರ ಎಷ್ಟ ರೊಕ್ಕಾ ಅಂದ್ರೂ ಬ್ಯಾಡ, ಅವಂಗ ಒಳಗ ಬಂದು ಅಳತಿ ತಗಿಯಾಕನೂ ಬಿಡಬ್ಯಾಡ್ರಿ. ತೊಲಿ ತುದಿ ಫೋಟೋ ತಗದು ಇಲ್ಲೇ ಹಾಕ್ರಿ, ಟಾರ್ಚ್ ಹಿಡದು ಬಾಜೂದಿಂದ ತಗೀರಿ, ಮಳಿ ಶುರು ಆಗೂ ಮೊದಲ ಹಾಕಿದ್ರ ಯಾವದು ಬದಲಿ ಮಾಡ್ಬೇಕು ಅಂತ ಹೇಳಾಕ ಬರತೈತಿ.