ಪೋಹಾಂಗ್ ಫೈನೆಕ್ಸ್ ಪ್ಲಾಂಟ್ ವಿಸಿಟ್, ಏನ್ ನೋಡ್ಬೇಕು ಏನ್ ಕೇಳ್ಬೇಕು?

ಹೊಸಪೇಟೆ_ಫೌಂಡ್ರಿ:
ಎಲ್ರಿಗೂ ನಮಸ್ಕಾರ. ನಮ್ದು ಸಣ್ಣ ಫೌಂಡ್ರಿ, ಸ್ಟೀಲ್ ಪ್ಲಾಂಟ್‌ಗಳಿಗೆ ಹಾಪರ್ ಲೈನರ್, ಶೂಟ್ ಲೈನರ್ (ಅದಿರು ಉಜ್ಜಿ ಸವೀದಂಗೆ ಒಳಗೆ ಹಾಕೋ ಹಲಗೆ) ಎರಕ ಹೊಯ್ದು ಕೊಡ್ತೀವಿ. ಕೊರಿಯಾದ ಒಂದ್ ಪಾರ್ಟಿ ಜೊತೆ ವ್ಯವಹಾರ ಮಾತಾಡ್ತಾ ಇದೀವಿ, ಅವ್ರು ಪೋಹಾಂಗ್‌ಗೆ ಬನ್ನಿ, ಅಲ್ಲಿನ ಸ್ಟೀಲ್ ಕಂಪನಿ ಪೋಸ್ಕೊದ ಫೈನೆಕ್ಸ್ (ಅದಿರಿಂದ ಕಬ್ಬಿಣ ತೆಗಿಯೋ ಪ್ಲಾಂಟ್) ನೋಡೋಕೆ ಪರ್ಮಿಶನ್ ತೆಗೀತೀವಿ ಅಂದಿದಾರೆ. ಟೂರಿಸ್ಟ್ ಥರ ಬಸ್ಸಲ್ಲಿ ಕೂತು ನೋಡ್ಕೊಂಡು ಬರೋದಾದ್ರೆ ಅಷ್ಟ್ ದುಡ್ಡು ಯಾಕೆ ಖರ್ಚು ಮಾಡ್ಬೇಕು ಅಂತ ಮನೇಲೇ ಜಗಳ. ಹೋಗಿ ಬಂದವ್ರು, ಆ ಲೈನಲ್ಲಿ ಇರೋವ್ರು ಸ್ವಲ್ಪ ಹೇಳಿ. ಫೋಟೋ ತೆಗಿಯೋಕೆ ಬಿಡ್ತಾರಾ?

ತೋರಣಗಲ್ಲು_ಶಿಫ್ಟ್_ಬಿ:
ಕೋರೆಕ್ಸ್ ಅಂತ ಕಬ್ಬಿಣ ತೆಗಿಯೋ ಇನ್ನೊಂದು ವಿಧಾನ ಇದೆಯಲ್ಲ, ಅದು ಗೊತ್ತಿದ್ರೆ ಫೈನೆಕ್ಸ್ ಅರ್ಧ ಗೊತ್ತಿದ್ದಂಗೇ ರೀ. ತೋರಣಗಲ್ಲಲ್ಲಿ 1999ರಲ್ಲೇ ಕೋರೆಕ್ಸ್ ಶುರು ಆಯ್ತಲ್ಲ, ಕೆಳಗಿನ ಮೆಲ್ಟರ್ ಗ್ಯಾಸಿಫೈಯರ್ (ಕಲ್ಲಿದ್ದಲಿಂದ ಗ್ಯಾಸ್ ಮಾಡಿ ಕಬ್ಬಿಣ ಕರಗಿಸೋ ಕುಲುಮೆ) ಹೆಚ್ಚುಕಮ್ಮಿ ಅದೇ, ಟುಯೆರ್ ಅನ್ನೋ ಊದುಕೊಳವೆಯಿಂದ ಬಿಸಿಗಾಳಿ ಬದ್ಲು ಆಕ್ಸಿಜನ್ ಹೊಡೀತಾರೆ, ಕೋಕ್ ಓವನ್ ಬ್ಯಾಟರಿ (ಕಲ್ಲಿದ್ದಲನ್ನ ಕೋಕ್ ಮಾಡೋ ಒಲೆಸಾಲು) ಬೇಕಾಗಲ್ಲ. ವ್ಯತ್ಯಾಸ ಇರೋದು ಮೇಲ್ಗಡೆ. ಕೋರೆಕ್ಸ್‌ಗೆ ಲಂಪ್ (ಗಡ್ಡೆ) ಅದಿರು ಇಲ್ಲಾ ಪೆಲೆಟ್ (ಪುಡಿ ಅದಿರಿನ ಉಂಡೆ) ಬೇಕು, ಫೈನೆಕ್ಸ್‌ಗೆ 8 ಮಿ.ಮೀ. ಒಳಗಿನ ಪುಡಿ ಅದಿರು ಸಾಕು, ಪುಡೀನ ಸುಟ್ಟು ಗಡ್ಡೆ ಮಾಡೋ ಸಿಂಟರ್ ಪ್ಲಾಂಟಿನ ಖರ್ಚೂ ಉಳೀತು. ಆ ಪುಡೀನ ಗ್ಯಾಸಲ್ಲಿ ತೇಲಿಸ್ಕೊಂಡು ಒಂದಾದ್ಮೇಲೊಂದು ರಿಯಾಕ್ಟರ್ ದಾಟಿಸ್ತಾರೆ, ಕುದಿಯೋ ಗಂಜಿ ಥರ ಕೊತಕೊತ ಅಂತಿರುತ್ತೆ, ಕೊನೇಗೆ ರೋಲರ್‌ನಲ್ಲಿ ಬಿಸಿಬಿಸಿ ಒತ್ತಿ ಗಟ್ಟಿ ಮಾಡಿ ಕೆಳಗಿನ ಕುಲುಮೆಗೆ ಬಿಡ್ತಾರೆ.

ನಿಮ್ ಕಸುಬು ಇರೋದೇ ಅಲ್ಲಿ ನೋಡ್ರಿ. ಬಿಸಿ ಅದಿರ್ ಪುಡಿ ಹಗಲೂ ರಾತ್ರಿ ಓಡೋ ಪೈಪು, ಗ್ಯಾಸಿಂದ ಪುಡಿ ಬೇರೆ ಮಾಡೋ ಸೈಕ್ಲೋನು, ಪೈಪಿನ ಬೆಂಡು ಇವೆಲ್ಲ ಸವೀದೇ ಇರ್ತಾವಾ? ಕಂಟ್ರೋಲ್ ರೂಮಲ್ಲಿ ದೊಡ್ಡ ಸ್ಕ್ರೀನ್ ತೋರಿಸ್ತಾರೆ, ನೋಡಿ ವಾವ್ ಅನ್ನಿ ಸಾಕು, ಆಮೇಲೆ ಮೇಂಟೆನೆನ್ಸ್ ನೋಡ್ಕೊಳ್ಳೋ ಮನುಷ್ಯನ್ನ ಹುಡುಕಿ. ಶಟ್‌ಡೌನ್‌ನಲ್ಲಿ ಮೊದ್ಲು ಏನ್ ಬಿಚ್ತೀರಿ, ಯಾವ್ ಬೆಂಡು ಬೇಗ ತೂತ್ ಬೀಳುತ್ತೆ, ಪುಡಿ ಅಂಟ್ಕೊಂಡ್ರೆ ಏನ್ ಮಾಡ್ತೀರಿ ಅಂತ ಕೇಳಿ. ಬಿಸಿ ಜಾಸ್ತಿ ಆದ್ರೆ ಕಬ್ಬಿಣದ್ ಪುಡಿ ಒಂದಕ್ಕೊಂದು ಅಂಟ್ಕೊಳ್ಳೋದೇ ಈ ವಿಧಾನದ ದೊಡ್ಡ ತಲೆನೋವು.

ಮಂಡ್ಯ_ಟು_ಪೋಹಾಂಗ್:
ಅಣ್ಣ, ನಾನು ಇದೇ ಊರಲ್ಲಿ ಪಿಎಚ್‌ಡಿ ಮಾಡ್ತಿರೋದು. ಫೋಟೋ ಆಸೆ ಬಿಟ್ಬಿಡಿ, ಇಲ್ಲಿ ಫ್ಯಾಕ್ಟರಿ ಗೇಟಲ್ಲೇ ಫೋನ್ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸ್ತಾರೆ, ಹಿಂದೆ ಒಂದು ಮುಂದೆ ಒಂದು, ಹೊರಗೆ ಬರುವಾಗ ಕಿತ್ತಿದೀರಾ ಅಂತ ಚೆಕ್ ಮಾಡ್ತಾರೆ. ಒಂದ್ ಚಿಕ್ಕ ನೋಟ್‌ಬುಕ್ ಪೆನ್ ಇಟ್ಕೊಳ್ಳಿ. ವೀಸಾ ಸಿ-3-4 (ಬಿಸಿನೆಸ್ ವಿಸಿಟ್ ವೀಸಾ), ಕರೆಯೋ ಕಂಪನಿ ಇನ್ವಿಟೇಶನ್ ಲೆಟರ್ ಜೊತೆ ಅವ್ರ ಬಿಸಿನೆಸ್ ರಿಜಿಸ್ಟ್ರೇಶನ್ ಸರ್ಟಿಫಿಕೇಟೂ ಕಳಿಸ್ಬೇಕು, ಈಗ್ಲೇ ಕೇಳಿ, ಕೊನೇ ಗಳಿಗೇಲಿ ಒದ್ದಾಡ್ಬೇಡಿ. ಸಿಯೋಲ್‌ನಿಂದ ಕೆಟಿಎಕ್ಸ್ ರೈಲಲ್ಲಿ ಎರಡೂವರೆ ಗಂಟೆ. ವಿಸಿಟಿಂಗ್ ಕಾರ್ಡ್ ಎರಡೂ ಕೈಲಿ ಕೊಟ್ಟು ಎರಡೂ ಕೈಲಿ ತಗೊಳ್ಳಿ, ತಗೊಂಡ ತಕ್ಷಣ ಜೇಬಿಗೆ ತುರುಕ್ಬೇಡಿ.

ಮಾತಿಗೆ ಎಳಿಯೋಕೆ ಒಂದ್ ಐಡಿಯಾ: 2022 ಸೆಪ್ಟೆಂಬರ್ ಚಂಡಮಾರುತದ ಬಗ್ಗೆ ಕೇಳಿ. ಪಕ್ಕದ ನೆಂಗ್‌ಚಾನ್ ಹಳ್ಳ ಉಕ್ಕಿ ರೋಲಿಂಗ್ ಮಿಲ್ ಎಲ್ಲಾ ನೀರಲ್ಲಿ ಮುಳುಗಿತ್ತು, 1973ರಲ್ಲಿ ಪ್ಲಾಂಟ್ ಶುರು ಆದಾಗಿಂದ ಮೊದಲ ಸಲ ಎಲ್ಲಾ ಬ್ಲಾಸ್ಟ್ ಫರ್ನೇಸ್ (ಊದುಕುಲುಮೆ) ಒಟ್ಟಿಗೆ ನಿಲ್ಲಿಸಿದ್ರು, 2023 ಜನವರಿಗೆ ಪೂರ್ತಿ ರಿಪೇರಿ ಮುಗಿಸಿದ್ರು. ಅದನ್ನ ಕೇಳಿದ್ರೆ ಗಂಭೀರವಾಗಿ ಕೂತಿರೋ ಮ್ಯಾನೇಜರ್ ಕೂಡ ಬಾಯ್ ಬಿಡ್ತಾರೆ. ನೀವು ವೆಜ್ ಆದ್ರೆ ಚಟ್ನಿಪುಡಿ, ಅವಲಕ್ಕಿ ತನ್ನಿ, ಕಿಮ್ಚಿಲೂ ಸಾಮಾನ್ಯವಾಗಿ ಮೀನಿನ ಸಾಸ್ ಇರುತ್ತೆ.

ಗದಗ_ಗಾಳಿ:
ಹೊಸಾ ವಿಧಾನ ಹೊಸಾ ವಿಧಾನ ಅಂತ ಭಾಳ ಕುಣೀಬ್ಯಾಡ್ರಿ. ವರ್ಷಕ್ಕ 15 ಲಕ್ಷ ಟನ್ನಿನ ಫೈನೆಕ್ಸ್ ಶುರು ಆಗಿದ್ದು 2007ರಾಗ, ಅಷ್ಟ್ ಛಲೋ ಇದ್ರ ಊರೂರಾಗ ಯಾಕ ಕಟ್ಟಲಿಲ್ಲ? 2024 ನವೆಂಬರ್‌ನಾಗ 3ನೇ ಫೈನೆಕ್ಸ್‌ಗೆ ಒಂದ ತಿಂಗಳದಾಗ ಎರಡ ಸಲ ಬೆಂಕಿ ಹತ್ತಿತ್ತು, ಅದನ್ನೂ ಕೇಳ್ರಿ, ಅಂದ್ರ ನಾಜೂಕಾಗಿ ಕೇಳ್ರಿ. ಇದ ಪೋಸ್ಕೊ ನಮ್ಮ ಹಳ್ಳಿಗುಡಿ ಹತ್ರ 60 ಲಕ್ಷ ಟನ್ ಪ್ಲಾಂಟ್ ಹಾಕ್ತೀವಿ ಅಂತ 2010ರಾಗ ಬಂದಿತ್ತು, ರೈತ್ರು, ತೋಂಟದ ಸ್ವಾಮಿಗಳು ಎದ್ದು ನಿಂತ್ರು, 2013ರಾಗ ವಾಪಸ್ ಹೋತು. ನನಗೇನೂ ಬ್ಯಾಸರ ಇಲ್ಲ.

ತೋರಣಗಲ್ಲು_ಶಿಫ್ಟ್_ಬಿ:
ಗದಗದವ್ರ ಪ್ರಶ್ನೆ ಸರಿ ಐತಿ. ಆಕ್ಸಿಜನ್ ಪ್ಲಾಂಟಿಗೆ ಕರೆಂಟ್ ಸಿಕ್ಕಾಪಟ್ಟೆ ಬೇಕು, ಹೊರಗೆ ಬರೋ ಗ್ಯಾಸ್ ಯಾರಾದ್ರೂ ಬಳಸಿದ್ರೇನೇ ಲೆಕ್ಕ ಕೂಡುತ್ತೆ. ನಮ್ ತೋರಣಗಲ್ಲಲ್ಲಿ ಕೋರೆಕ್ಸ್ ಗ್ಯಾಸಲ್ಲಿ ಪವರ್ ತೆಗೀತಾರೆ, ಸ್ಪಾಂಜ್ ಐರನ್ನೂ (ಕರಗಿಸದೇ ಅದಿರಿಂದ ತೆಗೆಯೋ ಕಬ್ಬಿಣ) ಮಾಡ್ತಾರೆ. ಆದ್ರೆ ಪೋಸ್ಕೊದವ್ರು ಇದೇ ತೇಲಿಸೋ ರಿಯಾಕ್ಟರ್‌ನ ಹೈಡ್ರೋಜನ್‌ಗೆ ತಿರುಗಿಸ್ತಾ ಇದಾರೆ, ಹೈರೆಕ್ಸ್ ಅಂತ, 3 ಲಕ್ಷ ಟನ್ ಡೆಮೊ ಪ್ಲಾಂಟಿನ ಯೋಜನೆ. ಹೈಡ್ರೋಜನ್ ಅದಿರಿನ ಜೊತೆ ಸೇರುವಾಗ ಶಾಖ ಹೀರ್ಕೊಳ್ಳುತ್ತೆ, ಹಂಗಾಗಿ ಹೊರಗಿಂದ ಬಿಸಿ ಕೊಡ್ಬೇಕು. ಲೈನರ್ ಮೆಟೀರಿಯಲ್ ಬದ್ಲಾಗುತ್ತಾ ಅಂತ ಕೇಳಿ, ಬಿಸಿನೆಸ್ ಸಿಗೋದಾದ್ರೆ ಅಲ್ಲೇ ಸಿಗುತ್ತೆ.

ಹೊಸಪೇಟೆ_ಫೌಂಡ್ರಿ:
ಥ್ಯಾಂಕ್ಸ್ ಸರ್, ಎಲ್ರಿಗೂ. ಹೈ ಕ್ರೋಮ್ (ಕ್ರೋಮಿಯಂ ಜಾಸ್ತಿ ಇರೋ) ಲೈನರ್‌ನ ಒಂದ್ ಸವೆದ ತುಂಡು, ಒಂದ್ ಹೊಸ ತುಂಡು ಜೊತೇಲಿ ಒಯ್ದು ತೋರಿಸಿದ್ರೆ ಹೇಗೆ?

ಮಂಡ್ಯ_ಟು_ಪೋಹಾಂಗ್:
ತನ್ನಿ ಅಣ್ಣ, ಆದ್ರೆ ಪ್ಲಾಂಟ್ ಒಳಗಲ್ಲ, ಪಾರ್ಟಿ ಆಫೀಸಲ್ಲಿ ತೋರಿಸಿ. ಚೆಕ್-ಇನ್ ಬ್ಯಾಗಲ್ಲೇ ಹಾಕಿ, ಕ್ಯಾಬಿನ್ ಬ್ಯಾಗಲ್ಲಿ ಕಬ್ಬಿಣದ್ ತುಂಡು ಇಟ್ರೆ ಸೆಕ್ಯೂರಿಟಿಯವ್ರು ಅಲ್ಲೇ ಕೂರಿಸ್ತಾರೆ.