ಪದಚರ್ಚೆ: ಮ್ಯೂಸಿಯಂನ ‘ಹಾಲ್’ಗೆ ಏನನ್ನೋಣ? (ಬೋರ್ಡು ಬರೆಯುವವರು ಸೋಮವಾರ ಬರುತ್ತಾರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು.

ಮಂಡ್ಯದ ಹತ್ತಿರ ನಮ್ಮೂರಲ್ಲಿ ಮುಚ್ಚಿಹೋಗಿದ್ದ ಹಳೇ ಶಾಲೆ ಕಟ್ಟಡದಲ್ಲಿ ಊರಿನವರೇ ಸೇರಿ ಒಂದು ಪುಟ್ಟ ಮ್ಯೂಸಿಯಂ ಮಾಡುತ್ತಿದ್ದೇವೆ. ಮೂರು ಕೋಣೆ. ಮೊದಲನೆಯದರಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೊ, ಶಾಸನದ ಪಡಿಯಚ್ಚು. ಎರಡನೆಯದರಲ್ಲಿ ಕನ್ನಂಬಾಡಿ ಕಟ್ಟೆ, ನಾಲೆ, 1933ರ ಸಕ್ಕರೆ ಕಾರ್ಖಾನೆ, 1938ರ ಶಿವಪುರದ ಧ್ವಜ ಸತ್ಯಾಗ್ರಹ. ಮೂರನೆಯದರಲ್ಲಿ ಮನೆಮನೆಯಿಂದ ಬಂದ ಸಾಮಾನು: ಕೂರಿಗೆ, ಕಪಿಲೆಯ ರಾಟೆ, ಬೆಲ್ಲದ ಕೊಪ್ಪರಿಗೆ, ಸೇರು, ಪಾವು.

ಡಿಸೈನ್ ಮಾಡಿಕೊಟ್ಟವರು ಎಲ್ಲವನ್ನೂ ಇಂಗ್ಲಿಷಿನಲ್ಲಿ ಕಳಿಸಿದ್ದಾರೆ. ಲೋಕಲ್ ಹಿಸ್ಟರಿ ಮ್ಯೂಸಿಯಂ, ಎಕ್ಸಿಬಿಷನ್ ಹಾಲ್ ಒಂದು, ಎರಡು, ಮೂರು. ಸುಮ್ನೆ ಪದಕ್ಕೆ ಪದ ಇಟ್ಟರೆ ‘ಸ್ಥಳೀಯ ಇತಿಹಾಸ ವಸ್ತುಸಂಗ್ರಹಾಲಯ’, ‘ಪ್ರದರ್ಶನ ಸಭಾಂಗಣ’ ಆಗುತ್ತದೆ. ಸಭಾಂಗಣ ಅಂದ್ರೆ ಮೈಕು, ಹಾರ, ಪ್ಲಾಸ್ಟಿಕ್ ಕುರ್ಚಿ ಕಣ್ಣಿಗೆ ಬರುತ್ತವೆ. ‘ವಸ್ತುಪ್ರದರ್ಶನ’ ಅಂತ ಬರೆಯೋಣ ಅಂದ್ರೆ ನಮ್ಮ ಕಡೆಯವರಿಗೆ ಅದು ದಸರಾಕ್ಕೆ ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ನಡೆಯುವುದು. ಮಕ್ಕಳನ್ನು ಕರೆದುಕೊಂಡು ಬಂದು ಜೈಂಟ್ ವೀಲ್ ಎಲ್ಲಿ, ಡೆಲ್ಲಿ ಹಪ್ಪಳ ಎಲ್ಲಿ ಅಂತಾರೆ.

ಬೋರ್ಡು ಎಂಟಡಿ ಅಗಲ. ದೂರದಿಂದ ಕಾಣಬೇಕು. ಮೂರು ಕೋಣೆಗೂ ಒಗ್ಗುವ ಒಂದು ಪದ ಕೊಡಿ.

ಮೈಸೂರಿನ ಮೇಷ್ಟ್ರು:

ಇದರಲ್ಲಿ ಚರ್ಚೆ ಏನಿದೆ ತಾಯಿ? ವಸ್ತುಸಂಗ್ರಹಾಲಯ ನೆಲೆಯೂರಿದ ಪದ. ಹಾಲ್‌ಗೆ ‘ಶಾಲೆ’ ಸಾಕು. ಜಗನ್ಮೋಹನ ಅರಮನೆಯಲ್ಲಿರುವುದು ಚಿತ್ರಶಾಲೆ. ಹಾಗೇ ಶಿಲಾಶಾಲೆ, ಕೃಷಿಶಾಲೆ ಎಂದು ಬರೆಸಿ. ಮುಗಿಯಿತು.

ಕೇಳಿದವಳು:

ಮೇಷ್ಟ್ರೇ, ಅದು ಮೊದಲೇ ಹಳೇ ಶಾಲೆ. ಮೂರು ಬಾಗಿಲಿಗೂ ‘ಶಾಲೆ’ ಅಂತ ಬರೆದರೆ ಸ್ಕೂಲು ಮತ್ತೆ ಶುರುವಾಯಿತು ಅಂದುಕೊಂಡು ಟಿ.ಸಿ. ಹಿಡಿದುಕೊಂಡು ಬರ್ತಾರೆ.

ಮದ್ದೂರಿನಿಂದ:

ವಸ್ತು ಸಂಸ್ಕೃತ. ಸಂಗ್ರಹ ಸಂಸ್ಕೃತ. ಆಲಯ ಸಂಸ್ಕೃತ. ಕನ್ನಡ ಎಲ್ಲಿ? ಮಾದರಿ ನಮ್ಮ ಕಣ್ಣೆದುರಿಗೇ ಇದೆ: ಸೆರೆಮನೆ, ಅಡುಗೆಮನೆ, ಆಲೆಮನೆ. ಹಾಗೇ ‘ತೋರುಮನೆ’. ಗಮಕ ಸಮಾಸ, ದೋಷವಿಲ್ಲ. ಹಾಲ್‌ಗೆ ‘ಪಡಸಾಲೆ’. ನಮ್ಮ ಜಿಲ್ಲೆ 1939ರಲ್ಲೇ ಮೈಸೂರಿನಿಂದ ಬೇರೆಯಾಗಿದೆ. ಪದ ಕೇಳೋಕೂ ಅಲ್ಲಿಗೇ ಹೋಗಬೇಕಾ?

ಮೇಷ್ಟ್ರು:

ತೋರುಮನೆ ಗಮಕ ಸಮಾಸವೇ, ಒಪ್ಪಿದೆ. ಸುಡುಗಾಡೂ ಗಮಕ ಸಮಾಸವೇ. ಸಮಾಸ ಸರಿಯಿದ್ದ ಮಾತ್ರಕ್ಕೆ ಪದ ಬದುಕುವುದಿಲ್ಲ. ಇನ್ನು ನಿಮ್ಮ ಪಡಸಾಲೆಯಲ್ಲಿರುವ ‘ಸಾಲೆ’ ಎಲ್ಲಿಂದ ಬಂತು ಸ್ವಾಮಿ? ನಾನು ಹೇಳಿದ ಶಾಲೆಯೇ ತಾನೆ?

ಮದ್ದೂರಿನಿಂದ:

ತದ್ಭವ ಆದ ಮೇಲೆ ಅದು ನಮ್ಮದು. ಸಕ್ಕರೆಗೆ ಯಾರೂ ಶರ್ಕರ ಅನ್ನಲ್ಲ. ನಾಲಿಗೆ ಪಳಗಿಸಿಕೊಂಡದ್ದು ಬೇರೆ, ಪಂಡಿತರು ತಂದು ಹೇರಿದ್ದು ಬೇರೆ.

ಶ್ರೀರಂಗಪಟ್ಟಣದಿಂದ:

ಲೋಕಲ್ ಹಿಸ್ಟರಿಗೆ ಪದ ಹುಡುಕಬೇಕಾಗಿಯೇ ಇಲ್ಲ. ಕೈಫಿಯತ್ತು. 1799ರಲ್ಲಿ ನಮ್ಮ ಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಇಳಿದ ಕಾಲಿನ್ ಮೆಕೆಂಜಿ, ಊರೂರಿನ ಕಥೆಯನ್ನು ಅಲ್ಲಲ್ಲಿನವರಿಂದ ಬರೆಸಿ ತರಿಸಿಕೊಂಡ. ಅವೇ ಕೈಫಿಯತ್ತುಗಳು. ಅರಬಿ ಮೂಲದ್ದು. ಕೆಲವರಿಗೆ ಕಿರಿಕಿರಿ ಆದರೆ ಆಗಲಿ. ಹಾಲ್‌ಗೆ ‘ಹಜಾರ’ ಅನ್ನಿ.

ಮದ್ದೂರಿನಿಂದ:

ಹಜಾರ ಅಂದ್ರೆ ಸಾವಿರ.

ಶ್ರೀರಂಗಪಟ್ಟಣದಿಂದ:

ಅದು ಹಿಂದಿಯಲ್ಲಿ. ಹಂಪಿಯ ಹಜಾರರಾಮನನ್ನು ಸಾವಿರ ರಾಮ ಅಂತ ಬಿಡಿಸುವವರೂ ಇದ್ದಾರೆ, ಹಜಾರದ ರಾಮ ಅಂತ ಬಿಡಿಸುವವರೂ ಇದ್ದಾರೆ. ನಮ್ಮಜ್ಜಿ ಹಜಾರದಲ್ಲಿ ಮಲಗುತ್ತಿದ್ದರು. ಸಾವಿರದಲ್ಲಿ ಅಲ್ಲ.

ಮಂಡ್ಯದಿಂದ, ದಿನಾ ಬಸ್ಸಿನಲ್ಲಿ ಓಡಾಡುವವಳು:

ಅಕ್ಕ, ಇವರ ಜಗಳದಲ್ಲಿ ನಿಮ್ಮ ಸೋಮವಾರ ಕಳೆದುಹೋಗುತ್ತೆ. ಮ್ಯೂಸಿಯಂ ಅಂತಲೇ ಬಿಡಿ. ಮೈಸೂರಿನ ರೈಲ್ ಮ್ಯೂಸಿಯಂಗೆ ಬೇರೆ ಹೆಸರು ಹೇಳಿದರೆ ಆಟೋದವರು ಬರ್ತಾರಾ? ನಮ್ಮ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ ಕೆನಾಲ್) ಫಾರಂಗೆ ಅಚ್ಚಗನ್ನಡ ಕಟ್ಟಿ ಕಂಡಕ್ಟರ್‌ಗೆ ಹೇಳಿ ನೋಡಿ, ಎಲ್ಲಿ ಇಳಿಸ್ತಾರೋ! ನಾವು ನೀರು ಬಿಡುವುದೂ ನಾಲೆಯಲ್ಲೇ, ನಾಲೆ ಎಲ್ಲಿಯ ಪದ ಅಂತ ಕೇಳಿಕೊಂಡು ಭತ್ತ ನಾಟಿ ಮಾಡಲ್ಲ.

ಮದ್ದೂರಿನಿಂದ:

ಹೀಗೆ ಬಿಟ್ಟು ಬಿಟ್ಟೇ ಈ ಗತಿ. ‘ಸೀಮೆ ಮ್ಯೂಸಿಯಂ’ ಅಂತಾದರೂ ಮಾಡಿ. ಲೋಕಲ್ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಮಾತಿಲ್ಲ.

ಬಸ್ಸಿನವಳು:

ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಹೊರಗಿಂದ ಬಂದದ್ದಕ್ಕೆಲ್ಲ ನಮ್ಮಲ್ಲಿ ಸೀಮೆ ಅಂತಲೇ ಅನ್ನೋದು, ಅಲ್ವಾ? ಊರಿನ ಮ್ಯೂಸಿಯಂ ಪರದೇಶದ್ದಾಗಿಬಿಡುತ್ತೆ. (ಅಂದಹಾಗೆ ಸೀಮೆಯೂ ಸಂಸ್ಕೃತದ್ದೇ.)

ಕೇಳಿದವಳು:

ಎಲ್ಲರ ಮಾತನ್ನೂ ಬರೆದುಕೊಂಡು ನಿನ್ನೆ ಕಟ್ಟಡದಲ್ಲೇ ಕೂತಿದ್ದೆ. ಮೊದಲ ಕೋಣೆಯಲ್ಲಿ ಆತಕೂರಿನ ಕಲ್ಲಿನ ಫೋಟೊ ಇಟ್ಟಿದ್ದೇವೆ. ಹತ್ತನೆಯ ಶತಮಾನದ್ದು, ಹಂದಿಯ ಜೊತೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಗೆ ನೆಟ್ಟದ್ದು. ಊರು ಮದ್ದೂರು ತಾಲ್ಲೂಕಿನದು, ಕಲ್ಲು ಮಾತ್ರ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ನಮ್ಮಲ್ಲಿರುವುದು ಬರೀ ಫೋಟೊ. ಹಾಗಾಗಿ ‘ಸಂಗ್ರಹ’ ಅನ್ನೋಕೆ ನನಗೇ ಸಂಕೋಚ ಆಯಿತು. ಆ ಪದ ಬಿಟ್ಟೆ. ‘ಊರ ಚರಿತ್ರೆ ಮ್ಯೂಸಿಯಂ’ ಅಂತ ಆಯಿತು. ಕೈಫಿಯತ್ತು ನನಗೂ ಇಷ್ಟವೇ, ಆದರೆ ನಮ್ಮೂರಲ್ಲಿ ಅರ್ಥ ಆಗೋದು ಇಬ್ಬರಿಗೋ ಮೂವರಿಗೋ.

ಹಾಲ್ ವಿಷಯ ಬಗೆಹರಿದದ್ದು ಬೇರೆ ರೀತಿ. ಸೂರು ರಿಪೇರಿಗೆ ಬಂದಿದ್ದ ವಯಸ್ಸಾದ ಗಾರೆಯವರು ಕಂಬಗಳನ್ನು ಕೈಯಲ್ಲಿ ತಟ್ಟುತ್ತಾ ಹೋಗಿ, ‘ಏಳಂಕಣ ಅವ್ವ, ಮರ ಇನ್ನೂ ಗಟ್ಟಿ ಅದೆ’ ಅಂದರು. ಆಗ ಹೊಳೆಯಿತು. ಅಂಕಣ! ಒಂದಂಕಣದ ಮನೆ, ಮೂರಂಕಣದ ಮನೆ ಅಂತ ನಮ್ಮ ಕಡೆ ಮನೆ ಅಳೆಯೋದೇ ಹಾಗೆ. ಕಲ್ಲಿನ ಅಂಕಣ, ನೀರಿನ ಅಂಕಣ, ಮನೆಸಾಮಾನಿನ ಅಂಕಣ. ಇಷ್ಟೇ ಬರೆಸುತ್ತೇನೆ.

ಮೇಷ್ಟ್ರು:

ಅಂಕಣ ಎಂದರೆ ಎರಡು ಕಂಬಗಳ ನಡುವಿನ ಜಾಗ. ದೇವಸ್ಥಾನದ ನವರಂಗದಲ್ಲಿ ಒಂಬತ್ತಿರುತ್ತವೆ. ಕೋಣೆಗೆ ಆ ಹೆಸರಿಲ್ಲ. ಪತ್ರಿಕೆಯವರು ಎಳೆದದ್ದು ಸಾಲದೆ ಈಗ ನೀವೂ ಎಳೆಯುತ್ತಿದ್ದೀರಿ.

ಕೇಳಿದವಳು:

ಪತ್ರಿಕೆಯಲ್ಲಿ ನಾಲ್ಕು ಗೆರೆ ಮಧ್ಯೆ ಇರೋದು ಅಂಕಣ ಆಗಬಹುದಾದರೆ, ನಾಲ್ಕು ಗೋಡೆ ಮಧ್ಯೆ ಯಾಕಾಗಬಾರದು ಮೇಷ್ಟ್ರೇ? ನಮ್ಮಲ್ಲಿ ಕಂಬವೂ ಇದೆ.

ಮದ್ದೂರಿನಿಂದ:

ಅಂಕಣ ಓಕೆ. ಆದರೆ ಊರ ಚರಿತ್ರೆ ಮ್ಯೂಸಿಯಂ? ಒಂದು ಕನ್ನಡ, ಒಂದು ಸಂಸ್ಕೃತ, ಒಂದು ಇಂಗ್ಲಿಷು. ಕನ್ನಡ-ಸಂಸ್ಕೃತ ಬೆರೆಸುವ ಅರಿಸಮಾಸದಲ್ಲೂ ಇಷ್ಟು ಅರಿಗಳಿರಲ್ಲ.

ಮೇಷ್ಟ್ರು:

‘ಓಕೆ’ ಅಂದಿರಾ?

ಕೇಳಿದವಳು:

ಬೋರ್ಡು ಬರೆಯುವವರು ಬಂದರು. ಮ್ಯೂಸಿಯಂನ ‘ಮ್ಯೂ’ಗೆ ಯ ಒತ್ತು ಕೆಳಗೆ ಹಿಡಿಸಲ್ಲ, ಬೋರ್ಡು ಆರಿಂಚು ಎತ್ತರ ಸಾಲದು ಅಂತಿದ್ದಾರೆ. ಅದನ್ನು ಬಗೆಹರಿಸಿ ಸಂಜೆ ಬರುತ್ತೇನೆ.