ಶಾಲೆಯ ಪುಟ್ಟ ಡೆಸ್ಕ್‌ಟಾಪನ್ನು ಮಕ್ಕಳೆದುರು ಬಿಚ್ಚಿ ತೋರಿಸುವುದು: ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಗದಗ ಜಿಲ್ಲೆಯ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿಯಿಂದ:

ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ಶಾಲೆಗೆ ಲೆನೊವೊ ಥಿಂಕ್‌ಸೆಂಟರ್ ಎಂ920ಕ್ಯೂ ಕೊಟ್ಟಿದ್ದಾರೆ. ನೋಡಲು ದಪ್ಪ ಪುಸ್ತಕದಷ್ಟೇ ಇದೆ. ಒಂಬತ್ತನೆಯ ತರಗತಿಯ ಮಕ್ಕಳೆದುರು ಅದನ್ನು ಬಿಚ್ಚಿ, ಒಳಗಿನ ಭಾಗಗಳನ್ನು ಅವರ ಕೈಗೇ ಕೊಟ್ಟು ತೋರಿಸಬೇಕೆಂಬ ಆಸೆ ನನಗಿದೆ. ಆದರೆ ಮರುದಿನ ಅದೇ ಯಂತ್ರದಲ್ಲಿ ಪಾಠ ನಡೆಯಬೇಕು. ಇಂಥ ಕೆಲಸ ಮಾಡಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಮೈಸೂರಿನ ಪಾಲಿಟೆಕ್ನಿಕ್ ಉಪನ್ಯಾಸಕರಿಂದ:

ಮೇಡಂ, ನಮಸ್ಕಾರ. ಮಕ್ಕಳಿಗೆ ತೋರಿಸಲು ಈ ಯಂತ್ರಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ, ಏಕೆಂದರೆ ಇದರ ಅಡಾಪ್ಟರ್ ಹೊರಗಿದೆ. ದೊಡ್ಡ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ಒಳಗೇ ಇರುವ ಪವರ್ ಸಪ್ಲೈ) ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತನ್ನು ಹಿಡಿದಿಡುವ ಕೆಪ್ಯಾಸಿಟರ್‌ಗಳಿರುತ್ತವೆ, ಅವು ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಪಾಯಕಾರಿ. ನಿಮ್ಮ ಯಂತ್ರದೊಳಕ್ಕೆ ಬರುವುದು ಕೇವಲ 20 ವೋಲ್ಟಿನ ಡಿಸಿ. ಹೆಚ್ಚಿನ ವೋಲ್ಟೇಜೆಲ್ಲ ಅಡಾಪ್ಟರಿನೊಳಗೇ ಇರುವುದರಿಂದ ಅದನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ.

ಮೊದಲು ಅಡಾಪ್ಟರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಹಿಂಬದಿಯ ಒಂದೇ ಸ್ಕ್ರೂ ತೆಗೆದು ಮೇಲಿನ ಮುಚ್ಚಳವನ್ನು ಮುಂದಕ್ಕೆ ಜಾರಿಸಿದರೆ ಫ್ಯಾನ್, ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಭಾಗ) ಹಾಗೂ 2.5 ಇಂಚಿನ ಡ್ರೈವಿನ ಜಾಗ ಕಾಣುತ್ತವೆ. ಅನಂತರ ಯಂತ್ರವನ್ನು ಬೋರಲು ಹಾಕಿ ಕೆಳಗಿನ ಮುಚ್ಚಳ ಜಾರಿಸಿದರೆ ರ‍್ಯಾಮ್ (ತಾತ್ಕಾಲಿಕ ನೆನಪಿನ ಪಟ್ಟಿ) ಮತ್ತು ಎಂ.2 ಎಸ್‌ಎಸ್‌ಡಿ (ಫೈಲುಗಳನ್ನು ಉಳಿಸಿಡುವ ತೆಳು ಪಟ್ಟಿ) ಸಿಗುತ್ತವೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಸ್ಕ್ರೂಗಳನ್ನು ಐಸ್ ಟ್ರೇಯ ಬೇರೆ ಬೇರೆ ಮನೆಗಳಲ್ಲಿ ಹಾಕಿಡಿ.

ಮೊದಲ ಸಲ ನಾನು ಎಡವಿದ್ದು ರ‍್ಯಾಮ್ ಕೂರಿಸುವಾಗ. ಮತ್ತೆ ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಆದರೆ ಪರದೆ ಕಪ್ಪಾಗಿಯೇ ಉಳಿಯಿತು. ಇಪ್ಪತ್ತು ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ಬಿಚ್ಚಿ ನೋಡಿದಾಗ ರ‍್ಯಾಮಿನ ಚಿನ್ನದ ಬಣ್ಣದ ಅಂಚು ಒಂದು ಕೂದಲೆಳೆಯಷ್ಟು ಓರೆಯಾಗಿ ಹೊರಗೆ ಕಾಣುತ್ತಿತ್ತು. ಅದನ್ನು ಓರೆಯಾಗಿ ಪೂರ್ತಿ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಬೇಕು. ಎರಡೂ ಬದಿಯ ಕೊಂಡಿಗಳು 'ಟಿಕ್' ಎಂದು ಹಿಡಿದುಕೊಂಡ ಸದ್ದು ಕೇಳಿಸಬೇಕು. ಆ ಸದ್ದನ್ನು ಮಕ್ಕಳಿಗೂ ಕೇಳಿಸಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಿಪೇರಿ ಕೆಲಸ ಮಾಡುವವರಿಂದ:

ಉಪನ್ಯಾಸಕರು ಹೇಳಿದ್ದೆಲ್ಲ ಸರಿ. ನನ್ನ ಒಂದೇ ಕೋರಿಕೆ: ಸಿಪಿಯುವನ್ನು (ಲೆಕ್ಕ ಮಾಡುವ ಮುಖ್ಯ ಚಿಪ್ಪನ್ನು) ಮಕ್ಕಳ ಕೈಗೆ ಕೊಡಬೇಡಿ. ಈ ಯಂತ್ರದ ಪಿನ್ನುಗಳು ಸಿಪಿಯುವಿನಲ್ಲಿಲ್ಲ, ಮದರ್‌ಬೋರ್ಡಿನ (ಮುಖ್ಯ ಬೋರ್ಡಿನ) ಮೇಲೆ ಸಿಪಿಯು ಕೂರುವ ಸಾಕೆಟ್ಟಿನಲ್ಲಿವೆ. ಸಾವಿರಕ್ಕೂ ಹೆಚ್ಚಿರುವ ಆ ಸಣ್ಣ ಸ್ಪ್ರಿಂಗ್ ಪಿನ್ನುಗಳಲ್ಲಿ ಒಂದು ಬೆರಳು ತಾಗಿ ಬಾಗಿದರೂ ಬೋರ್ಡೇ ಹೋಗಬಹುದು. ಪಿನ್ ಬಾಗಿದ ಬೋರ್ಡುಗಳು ನನ್ನ ಮೇಜಿಗೆ ಬಂದಾಗಲೆಲ್ಲ ಬೇಸರವಾಗುತ್ತದೆ, ಏಕೆಂದರೆ ಯಂತ್ರದ ಉಳಿದ ಭಾಗವೆಲ್ಲ ಚೆನ್ನಾಗಿಯೇ ಇರುತ್ತದೆ. ಕೆಟ್ಟುಹೋದ ಹಳೆಯ ಸಿಪಿಯು ಒಂದನ್ನು ಬೇರೆಯಾಗಿ ತಂದು ತೋರಿಸುವುದು ಒಳ್ಳೆಯದು.

ಹೀಟ್‌ಸಿಂಕ್ ಎತ್ತಲೇಬೇಕೆಂದಿದ್ದರೆ ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ. ಸಿಪಿಯುವಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಒಣಗಿದ್ದರೂ ಸ್ವಲ್ಪ ಮೆದುವಾಗುತ್ತದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ಒರೆಸಿ, ಹೊಸದನ್ನು ಕಡಲೆಕಾಳಿಗಿಂತ ಚಿಕ್ಕ ಹನಿಯಷ್ಟು ಹಾಕಿ. ಹೊಸ ಪೇಸ್ಟ್ ಕೈಯಲ್ಲಿಲ್ಲದೆ ಹೀಟ್‌ಸಿಂಕ್ ಮುಟ್ಟಬೇಡಿ. ಫ್ಯಾನಿನ ವೈರನ್ನು ಮತ್ತೆ ಸಿಕ್ಕಿಸಲು ಮರೆಯುವವರು ಬಹಳ ಮಂದಿ.

ಧಾರವಾಡದಿಂದ:

ನಮ್ಮ ಕಡೆ ಬೇಸಿಗೆಗೆ ಮುಂಚಿನ ಒಣಹವೆಯಲ್ಲಿ ಸ್ಥಿರವಿದ್ಯುತ್ತಿನ ಕಾಟ ಹೆಚ್ಚು. ಹತ್ತಿ ಬಟ್ಟೆ ತೊಟ್ಟು, ಮರದ ಮೇಜಿನ ಮೇಲೆ ಕೆಲಸ ಮಾಡಿ. ಭಾಗಗಳನ್ನು ಮುಟ್ಟುವ ಮುನ್ನ ಪ್ರತಿಯೊಬ್ಬ ಮಗುವೂ ಕಿಟಕಿಯ ಕಬ್ಬಿಣದ ಸರಳನ್ನೋ ಲೋಹದ ನಲ್ಲಿಯನ್ನೋ ಒಮ್ಮೆ ಮುಟ್ಟಲಿ, ಭಾಗಗಳನ್ನು ಅಂಚಿನಲ್ಲಿ ಮಾತ್ರ ಹಿಡಿಯಲಿ. ಯಾರಾದರೂ ಆಪಲ್ ಕಂಪನಿಯ ಪುಟ್ಟ ಡೆಸ್ಕ್‌ಟಾಪಾದ ಮ್ಯಾಕ್ ಮಿನಿ ತಂದುಕೊಟ್ಟರೆ ಇದೇ ಧೈರ್ಯದಲ್ಲಿ ಅದನ್ನು ಬಿಚ್ಚಬೇಡಿ: 2010ರ ಮಾದರಿಯಿಂದ ಅದರ ಪವರ್ ಸಪ್ಲೈ ಪೆಟ್ಟಿಗೆಯೊಳಗೇ ಇದೆ, 2014ರ ಮಾದರಿಯಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೆ.

ಪ್ರಶ್ನೆ ಕೇಳಿದ ಶಿಕ್ಷಕಿಯಿಂದ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶನಿವಾರ ಬಿಚ್ಚಿ ತೋರಿಸಿದೆವು. ಹೀಟ್‌ಸಿಂಕ್ ಮುಟ್ಟಲಿಲ್ಲ. ಎಸ್‌ಎಸ್‌ಡಿಯ ಮೇಲೆ 2280 ಎಂದಿರುವುದನ್ನು ನೋಡಿ ಒಬ್ಬ ಹುಡುಗಿ ಅದೇನೆಂದು ಕೇಳಿದಳು. ಸ್ಕೇಲ್ ಕೊಟ್ಟು ಅಳೆಯಲು ಹೇಳಿದಾಗ ಅಗಲ 22 ಮಿಲಿಮೀಟರ್, ಉದ್ದ 80 ಮಿಲಿಮೀಟರ್ ಎಂದು ಅವಳೇ ಕಂಡುಕೊಂಡಳು. ಆಮೇಲೆ ಮಕ್ಕಳು ದಿನಾಂಕ, ಸಮಯ ಉಳಿಸುವ ನಾಣ್ಯದಂಥ ಸಿಆರ್2032 ಸೆಲ್ಲನ್ನೂ ತೆಗೆದು ಅಳೆದರು: ವ್ಯಾಸ 20, ದಪ್ಪ 3.2 ಮಿಲಿಮೀಟರ್. ರ‍್ಯಾಮ್ ಕೂರಿಸಿದಾಗ ಎರಡೂ ಕೊಂಡಿಗಳ ಸದ್ದು ಹಿಂದಿನ ಬೆಂಚಿನವರಿಗೂ ಕೇಳಿಸಿತು. ಯಂತ್ರ ಮೊದಲ ಸಲಕ್ಕೇ ಚಾಲೂ ಆಯಿತು. ಸೆಲ್ ತೆಗೆದಿದ್ದರಿಂದ ದಿನಾಂಕ ಮತ್ತು ಸಮಯವನ್ನು ಮಾತ್ರ ಮತ್ತೆ ಹೊಂದಿಸಬೇಕಾಯಿತು.